ಬೈರಪ್ಪನ ದೊಡ್ಡ ಹೃದಯ

ದರ್ಜಿಯ ಮುಂದೆ ನಿಂತು ಎದೆಯ ಅಳತೆ ಕೊಡುವಾಗ ಉಸಿರನ್ನು ಕೊಂಚ ಒಳಗೆಳೆದುಕೊಳ್ಳದ ಗಂಡಸನ್ನು ನಾನು ಇದುವರೆಗೆ ಕಂಡಿಲ್ಲ. ಆ ಪುರುಷಧರ್ಮವನ್ನು ನಾನೂ ಶ್ರದ್ಧೆಯಿಂದ ಪಾಲಿಸುತ್ತ ಬಂದವನೇ. ಆದರೆ ಮೊನ್ನೆ ಹೊಸ ಕೋಟಿಗೆಂದು ಚನ್ನಪಟ್ಟಣದ ಪೇಟೆಯ ದರ್ಜಿಯಲ್ಲಿಗೆ ಹೋಗಿ, ಶಕ್ತಿಮೀರಿ ಎದೆಯುಬ್ಬಿಸಿ ನಿಂತಾಗ, ಆತ ಪಟ್ಟಿಯನ್ನು ಸುತ್ತಿ ಹಿಡಿದು, “ಒಸಿ ಉಸ್ರು ತಕ್ಕಳಿ ಮೇಷ್ಟ್ರೇ” ಎಂದ. ತೆಗೆದುಕೊಂಡಾಗಿದೆ ಎಂದು ಹೇಳುವಷ್ಟು ಉಸಿರು ನನ್ನಲ್ಲಿ ಉಳಿದಿರಲಿಲ್ಲ.

ಈ ಎದೆಯೆಂಬ ಮಾತೇ ವಿಚಿತ್ರ. ಕನ್ನಡದಲ್ಲಿ ಅದು ಮೂಳೆಯ ಗೂಡೂ ಹೌದು, ಧೈರ್ಯವೂ ಹೌದು, ವಾತ್ಸಲ್ಯದ ವಾಸಸ್ಥಾನವೂ ಹೌದು. ಸಾಲದ್ದಕ್ಕೆ ಇಂಗ್ಲಿಷ್ ವೈದ್ಯ ಓದಿದವರು ಅದರೊಳಗೆ ರಕ್ತ ತಳ್ಳುವ ಯಂತ್ರವೊಂದನ್ನೂ ತಂದಿಟ್ಟ ಮೇಲೆ ಗೊಂದಲಕ್ಕೆ ಕೇಳಬೇಕೆ? ಆ ಗೊಂದಲದಲ್ಲಿ ನಮ್ಮ ಬೈರಪ್ಪ ಹಿಂದೊಮ್ಮೆ ಪ್ರಾಣವನ್ನೇ ಕಳೆದುಕೊಳ್ಳುವುದರಲ್ಲಿದ್ದ.

ಬೈರಪ್ಪ ನನ್ನ ನೆರೆಮನೆಯವನು, ಊರ ಗರಡಿಯ ಹೆಸರಾಂತ ಪೈಲ್ವಾನ. ಕನಕಪುರದ ಪೈಲ್ವಾನನೊಬ್ಬನೊಡನೆ ಕುಸ್ತಿಗೆ ಅವನ ಜೋಡಿ ಕಟ್ಟಿ, ದಿನ ಗೊತ್ತುಮಾಡಿ, ಸುತ್ತಲ ಊರುಗಳಲ್ಲೆಲ್ಲ ತಮಟೆ ಹೊಡೆಸಿ ಸಾರಿದ್ದಾಗಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಸಾಮು ಮಾಡುತ್ತಿದ್ದವನು ಕಣ್ಣು ಕತ್ತಲೆಗಟ್ಟಿ ಧೊಪ್ಪನೆ ಬಿದ್ದ. ಗರಡಿಯ ಗುರುಗಳಾದ ಉಸ್ತಾದ್ ಸಾಹೇಬರು, ಸಕಲ ರೋಗಕ್ಕೂ ಬಾದಾಮಿ ಹಾಲೇ ಮದ್ದೆಂದು ನಂಬಿದವರು, ಅಂದು ಹೆದರಿ ಅವನನ್ನು ಆಸ್ಪತ್ರೆಗೆ ಕರೆತಂದರು. ಓದಿದವನೆಂಬ ಅಪವಾದ ನನ್ನ ಮೇಲಿದ್ದುದರಿಂದ ನಾನೂ ಜೊತೆಗೆ ಹೋಗಬೇಕಾಯಿತು.

ಡಾಕ್ಟರು ಮದರಾಸಿನ ಕಡೆಯವರು, ಕನ್ನಡವನ್ನು ಪುಸ್ತಕದಿಂದ ಕಲಿತವರು. ಬೈರಪ್ಪನ ಎದೆಯ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿ, ಬೆರಳಿನಿಂದ ಅಲ್ಲಲ್ಲಿ ತಟ್ಟಿ ನೋಡಿ, “ನಿಮ್ಮ ಹೃದಯ ಬಹಳ ದೊಡ್ಡದು” ಎಂದರು.

“ಎಲ್ಲಾ ನಿಮ್ಮಂತೋರ ಆಸೀರ್ವಾದ ಸ್ವಾಮಿ” ಎಂದು ಬೈರಪ್ಪ ಕೈಮುಗಿದ.

ಡಾಕ್ಟರು ಗಾಬರಿಯಾಗಿ ವಿವರಿಸಿದರು: ಕಸರತ್ತು ಮಾಡುವವರ ಹೃದಯ ಬೆಳೆಯುವುದುಂಟು, ಎಷ್ಟೋ ಸಲ ಅದರಿಂದ ತೊಂದರೆಯಿಲ್ಲ, ಆದರೆ ಇವರದರಲ್ಲಿ ಬೇಡದ ಸದ್ದೊಂದು ಕೇಳುತ್ತಿದೆ, ಎಚ್ಚರ ತಪ್ಪಿಯೂ ಬಿದ್ದಿದ್ದಾರೆ, ಇನ್ನು ಕುಸ್ತಿ ಹಿಡಿದರೆ ಅಲ್ಲೇ ಪ್ರಾಣ ಹೋದೀತು. ಬೈರಪ್ಪನ ಕಿವಿಗಳು ಮೊದಲ ವಾಕ್ಯಕ್ಕೇ ಸಂತುಷ್ಟವಾಗಿ ಬಾಗಿಲು ಹಾಕಿಕೊಂಡಿದ್ದವು.

ಸಂಜೆಯೊಳಗೆ, ಬೈರಪ್ಪನ ಹೃದಯ ದೊಡ್ಡದೆಂದು ಸರ್ಕಾರಿ ಡಾಕ್ಟರೇ ಪರೀಕ್ಷಿಸಿ ಹೇಳಿದರೆಂಬ ಸುದ್ದಿ ಪೇಟೆಯಲ್ಲೆಲ್ಲ ಹಬ್ಬಿತು. ಪರಿಣಾಮವನ್ನು ನೀವೇ ಊಹಿಸಿಕೊಳ್ಳಿ. ಒಬ್ಬ ಉಳುಮೆಗೆ ಎತ್ತು ಕೇಳಿಕೊಂಡು ಬಂದ. ಇನ್ನೊಬ್ಬ ಮಗಳ ಮದುವೆಗೆಂದು ಕುಂಬಳಕಾಯಿಗಳನ್ನು ಗಾಡಿಗೆ ಹೇರಿಸಿಕೊಂಡ. ಬೊಂಬೆ ಮಾಡುವವನೊಬ್ಬ ಹಿತ್ತಲಿನ ಹಾಲೆಮರವನ್ನೇ ಕಡಿದುಕೊಂಡು ಹೋದ. ಇಲ್ಲವೆಂದರೆ ಡಾಕ್ಟರ ಮಾತು ಸುಳ್ಳಾದೀತೆಂಬ ಭಯದಿಂದ ಬೈರಪ್ಪ ಎಲ್ಲಕ್ಕೂ ಹೂಂಗುಟ್ಟಿದ.

ಅವನ ಹೆಂಡತಿ ನಿಂಗಮ್ಮ ಮಾತ್ರ ನೇರವಾಗಿ ನಮ್ಮ ಜಗಲಿಗೆ ಬಂದು, “ಡಾಕ್ಟ್ರು ಅದೇನ್ ಯೋಳುದ್ರು, ಮುಚ್ಚಿಡ್ದಂಗೆ ಯೋಳಿ ಮೇಷ್ಟ್ರೇ” ಎಂದಳು. ಹೇಳಿದೆ. ಅವಳು ಅಳಲಿಲ್ಲ, ಸೆರಗು ಬಿಗಿದುಕೊಂಡು ಮನೆಗೆ ಹೋದಳು. ಆಮೇಲೆ ನಡೆದದ್ದು ಗೋಡೆಯಾಚೆಯಿಂದ ನನಗೆ ಸ್ಪಷ್ಟವಾಗಿ ಕೇಳಿಸಿತು.

“ಬುಟ್ಬುಡಯ್ಯ ಈ ಕುಸ್ತಿಯ. ಜೀವ ಇದ್ರೆ ತಾನೆ?”

“ಬುಟ್ರೆ ಜನ ಎದೆ ಇಲ್ದೋನು ಅಂತಾರೆ ಕಣಮ್ಮಿ!”

ನೋಡಿದಿರಾ, ಎದೆ ಅತಿಯಾಯಿತೆಂದು ಕುಸ್ತಿ ಬಿಡುವವನಿಗೆ ಎದೆಯಿಲ್ಲದವನೆಂಬ ಬಿರುದು! ಮಕ್ಕಳಿಗೆ ನಿತ್ಯ ವ್ಯಾಕರಣ ಕಲಿಸುವ ನನಗೆ ಇದಕ್ಕೊಂದು ಸಮಾಧಾನ ಹೊಳೆಯಲಿಲ್ಲ. ಉಸ್ತಾದರೂ ಬೇಡವೆಂದು ಹೇಳಿ ನೋಡಿ ಸೋತರು.

ಕುಸ್ತಿಯ ದಿನ ಕ್ಲೋಸ್‌ಪೇಟೆಯಿಂದ, ಮಾಗಡಿಯಿಂದ ಗಾಡಿ ಕಟ್ಟಿಕೊಂಡು ಬಂದ ಜನ ಗರಡಿಯಲ್ಲಿ ಕಿಕ್ಕಿರಿದಿದ್ದರು. ನನ್ನ ಬಡ ಎದೆಯಲ್ಲಿ ಎಷ್ಟು ಭಯ ಹಿಡಿಸುತ್ತದೆಂಬುದು ನನಗೆ ಅಂದು ತಿಳಿಯಿತು. ಪೈಲ್ವಾನರಿಬ್ಬರೂ ಕುಸ್ತಿಯ ಕೆಂಪು ಮಣ್ಣಿನ ಮಟ್ಟಿಯ ಅಂಚಿನಲ್ಲಿ ನಿಂತು ತೊಡೆ ತಟ್ಟಿದ್ದೇ ತಡ, ಗಂಡಸರ ಗುಂಪನ್ನು ಸೀಳಿಕೊಂಡು ನಿಂಗಮ್ಮ ಬಂದಳು. ಬಂದವಳೇ ಆ ಕೆಂಪು ಮಣ್ಣಿನ ನಟ್ಟನಡುವೆ ಚಕ್ಕಂಬಕ್ಕಳ ಹಾಕಿಕೊಂಡು ಕುಳಿತುಬಿಟ್ಟಳು.

ಗರಡಿಯ ಮಟ್ಟಿಯನ್ನು ಹೆಂಗಸರು ತುಳಿಯಕೂಡದು. ತುಳಿದರೆ ಮೈಲಿಗೆ, ಹೊಸ ಮಣ್ಣು ಹಾಕಿ ಪೂಜೆಯಾಗುವವರೆಗೆ ಅಲ್ಲಿ ಕುಸ್ತಿಯಿಲ್ಲ. ಇದು ಗಂಡಸರು ತಾವೇ ಮಾಡಿಕೊಂಡ ಕಟ್ಟಳೆ. ಸಭೆ ಹೋ ಎಂದು ಎದ್ದಿತು.

“ಏಳಮ್ಮಿ ಮ್ಯಾಕೆ!” ಎಂದು ಬೈರಪ್ಪ ಗುಡುಗಿದ.

“ಏಳಾಕಿಲ್ಲ. ವೊಸ ಮಣ್ ಹಾಕ್ಸು, ಅದ್ರಲ್ಲೂ ಬಂದು ಕುಂತ್ಕತೀನಿ.” ಅಷ್ಟು ಹೇಳುವಾಗ ಗಟ್ಟಿಯಾಗಿದ್ದ ಅವಳ ದನಿ ಆಮೇಲೆ ನಡುಗಿತು. “ನಿನ್ ಹೃದಯ ದೊಡ್ದೋ ಚಿಕ್ದೋ ನಂಗೊತ್ತಿಲ್ಲ. ನೀನಿರ್ಬೇಕು, ಅಷ್ಟೇಯ.”

“ಮಟ್ಟಿ ಕೆಟ್ಟೋಯ್ತು! ಕುಸ್ತಿ ಖತಂ!” ಎಂದು ಉಸ್ತಾದರು ಕೂಗಿದರು. ಅವರ ವಯಸ್ಸಿಗೆ ಆ ಚುರುಕು ಆಶ್ಚರ್ಯಕರವಾಗಿತ್ತು. ಬೈರಪ್ಪ ಬಗ್ಗಿ ಹೆಂಡತಿಗೆ ಕೈಕೊಟ್ಟು ಎಬ್ಬಿಸಿದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಅದನ್ನು ಮುಚ್ಚಿಡುವುದೇಕೆ?

ಅವನು ಮತ್ತೆಂದೂ ಕುಸ್ತಿ ಹಿಡಿಯಲಿಲ್ಲ. ಈಗ ತಲೆ ನರೆತಿದೆ, ಡಾಕ್ಟರು ಕೊಟ್ಟ ಔಷಧಿಯನ್ನು ನಿಂಗಮ್ಮನ ಕಾವಲಿನಲ್ಲಿ ಕುಡಿಯುತ್ತಾನೆ. ಗರಡಿಯ ಹುಡುಗರು ಯಾರಾದರೂ ಕೊನೆಯ ಕುಸ್ತಿ ಯಾರ ಜೊತೆಗೆಂದು ಕೆಣಕಿದರೆ, ಅಡುಗೆಮನೆಯ ಕಡೆ ಗದ್ದ ತೋರಿಸಿ ಹೇಳುತ್ತಾನೆ: “ಇವಳ್ ಜತೆನೇ ಕಣ್ಲಾ. ಕುಂತಿದ್ದಂಗೇ ಚಿತ್ ಮಾಡ್ಬುಟ್ಳು.”