ಅಗಿಯದ ತುತ್ತು

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೊಂದು ಸಣ್ಣ ಮೆಸ್ಸಿದೆ. ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಮುದ್ದೆ ತೊಳಸುವವಳು ಸರ್ವಮಂಗಳ. ಸಿ.ಎಸ್. ಪುರದ ಕಡೆಯ ಹೆಣ್ಣುಮಗಳು. ಅವಳು ಕಟ್ಟಿದ ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿತೆಂದು ಇದುವರೆಗೆ ಯಾರೂ ಹೇಳಿಲ್ಲ. ಚೇಳೂರು ಬಸ್ಸಿನ ಕಂಡಕ್ಟರ್ ಶಿವರಾಮಯ್ಯ ಊಟಕ್ಕೆ ಕೂತಾಗಲೆಲ್ಲ, "ಮಂಗಳಕ್ಕನ ಮುದ್ದೆಗೆ ನಾವೇನ್ ದಾರಿ ತೋರಿಸ್ಬೇಕಾಗಿಲ್ಲ, ತಾನೇ ಇಳ್ಕಂಡ್ ಹೋಯ್ತದೆ" ಎನ್ನುತ್ತಿದ್ದ. ಒಮ್ಮೆ ಬೇರೆ ರಾಜ್ಯದಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಆಫೀಸರೊಬ್ಬರು ಮುದ್ದೆಯನ್ನು ಕಚಪಚ ಅಗಿಯುತ್ತಿದ್ದುದನ್ನು ಕಂಡು ಇಡೀ ಪಂಕ್ತಿಯೇ ನಕ್ಕಿತ್ತು.

"ಅಯ್ಯೋ ಸಾರ್, ಅದೇನ್ ಚಪಾತಿನಾ ಜಗಿಯಕ್ಕೆ? ಸಾರಲ್ಲಿ ಅದ್ದಿ ನುಂಗ್ಬುಡಿ!"

ಅಡುಗೆಮನೆ ಬಾಗಿಲಲ್ಲಿ ನಿಂತು ಸರ್ವಮಂಗಳಳೂ ನಕ್ಕಿದ್ದಳು.

ಅವಳ ಗಂಡ ಮಹಾದೇವಯ್ಯ ಗೂಡ್ಸ್ ಟೆಂಪೋ ಓಡಿಸುತ್ತಿದ್ದ. ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್. ಅಡಿಕೆ ಚೂರು, ಸುಣ್ಣ, ಹೊಗೆಸೊಪ್ಪು ಸೇರಿಸಿ ಎಡಗೆನ್ನೆಯೊಳಗೆ ಒತ್ತಿಕೊಂಡು ಸ್ಟೇರಿಂಗ್ ಹಿಡಿದನೆಂದರೆ ಊರು ಮುಟ್ಟುವ ತನಕ ಅದನ್ನು ಉಗಿಯುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಬೈಯುತ್ತಿದ್ದಳು. ಆಮೇಲೆ ಅದೂ ಅವನ ಮುಖದ ಒಂದು ಭಾಗವಾಗಿಬಿಟ್ಟಿತು.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, "ಖಾರ ಕಮ್ಮಿ ಹಾಕು ಮಂಗಳಾ, ಬಾಯುರಿ" ಎಂದ. ಉಷ್ಣವಾಗಿರಬೇಕು ಎಂದುಕೊಂಡು ಅವಳು ಸಾರಿಗೆ ಮೆಣಸಿನಕಾಯಿ ಕಡಿಮೆ ಮಾಡಿದಳು. ನಾಲ್ಕೈದು ತಿಂಗಳ ಮೇಲೆ, "ಮುದ್ದೆ ಇನ್ನೊಂಚೂರು ಮೆತ್ತಗಿರ್ಲಿ" ಎಂದ. ಎಸರಿಗೆ ಒಂದು ಲೋಟ ನೀರು ಹೆಚ್ಚು ಬಿತ್ತು. ನೆಲ್ಲಿಕಾಯಿ ಗಾತ್ರದ ತುತ್ತು ಮುರಿಯುತ್ತಿದ್ದವನು ಹುಣಸೆಬೀಜದಷ್ಟು ಚಿವುಟತೊಡಗಿದ. ಚಕ್ಕುಲಿ, ಕಡಲೆಕಾಯಿ ಕೊಟ್ಟರೆ ಹಲ್ಲು ಸರಿಯಿಲ್ಲವೆಂದು ತಟ್ಟೆ ಸರಿಸಿದ. ಐವತ್ತು ದಾಟಿದ ಗಂಡಸಿಗೆ ಇದೆಲ್ಲ ಇದ್ದದ್ದೇ ಎಂದು ಅವಳು ಸುಮ್ಮನಾದಳು. ಸಂಜೆ ತಟ್ಟೆ ಖಾಲಿಯಾಗುತ್ತಿತ್ತು. ಅದಕ್ಕಿಂತ ಹೆಚ್ಚು ಏನು ನೋಡಬೇಕೆಂದು ಅವಳಿಗೆ ತೋಚಲಿಲ್ಲ.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಇಬ್ಬರೂ ಕುಣಿಗಲ್‌ನಲ್ಲಿರುವ ಮಗಳು ದಾಕ್ಷಾಯಣಿಯ ಮನೆಗೆ ಹೋದರು. ಅವಳು ಅಕ್ಕಿ ರೊಟ್ಟಿ ತಟ್ಟಿ, ಅವರೆಕಾಳಿನ ಪಲ್ಯ ಮಾಡಿದ್ದಳು. ಮಹಾದೇವಯ್ಯ ರೊಟ್ಟಿಯನ್ನು ಚೂರು ಮಾಡುತ್ತಾ ಕೂತಿದ್ದನೇ ಹೊರತು ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

"ಯಾಕಪ್ಪಾ, ಚೆನ್ನಾಗಿಲ್ವಾ?"

"ಹೊಟ್ಟೆ ತುಂಬೈತೆ ಕಣವ್ವ."

"ಒಂದ್ ತುತ್ತೂ ತಿಂದಿಲ್ಲ, ಅದೆಲ್ಲಿಂದ ತುಂಬ್ತು? ಎಲ್ಲಿ, ಆ ಅನ್ನು ನೋಡಣ."

ಅವನು 'ಆ' ಎಂದ. ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯಲಿಲ್ಲ. ದಾಕ್ಷಾಯಣಿ ತಿರುಗಿ ತಾಯಿಯನ್ನು ನೋಡಿದಳು.

"ಅಮ್ಮಾ, ದಿನಾ ಬಡಿಸೋಳು ನೀನು. ನಿಂಗೆ ಗೊತ್ತಾಗ್ಲೇ ಇಲ್ವಾ?"

"ಪೂರ್ತಿ ಮುದ್ದೆ ಉಣ್ತಿದ್ರು ಕಣೇ..." ಎಂದಳು ಸರ್ವಮಂಗಳ.

ತುಮಕೂರಿನ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಅನುಪಮಾ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕೆನ್ನೆಯ ಒಳಮೈ ಒಣಗಿದ ಅಡಿಕೆ ಹಾಳೆಯಂತೆ ಬಿಗಿದುಕೊಂಡಿತ್ತು. ಆಮೇಲೆ ಅವರು ಪ್ಲಾಸ್ಟಿಕ್ ದವಡೆಯೊಂದನ್ನು ಮೇಜಿನ ಮೇಲಿಟ್ಟು ಬಿಡಿಸಿ ಹೇಳಿದರು.

"ನೋಡಿ ಅಮ್ಮ, ಮುಂದಿನ ಹಲ್ಲು ಕತ್ತರಿಸುತ್ತೆ, ಹಿಂದಿನ ಹಲ್ಲು ಅರೆಯುತ್ತೆ. ನಾಲಿಗೆ ತುತ್ತನ್ನ ಹಲ್ಲಿನ ಮೇಲಕ್ಕೆ ತಳ್ಳುತ್ತೆ, ಹೊರಗೆ ಜಾರದ ಹಾಗೆ ಕೆನ್ನೆ ಒತ್ತಿ ಹಿಡಿಯುತ್ತೆ. ಕೆನ್ನೇಲಿ, ಹಣೆ ಪಕ್ಕದಲ್ಲಿ ಇರೋ ಮಾಂಸಖಂಡ ಕೆಳದವಡೆನ ಮೇಲಕ್ಕೆ ಎಳೆಯುತ್ತೆ. ಎಲ್ಲ ಸೇರಿದ್ರೇನೆ ಅಗಿಯೋದು. ಇವರಿಗೆ ಕೆನ್ನೆ ಗಟ್ಟಿಯಾಗಿ ದವಡೆ ಕೆಳಗಿಳೀತಾನೇ ಇಲ್ಲ. ಹಿಂದಿನ ಹಲ್ಲಿನ ಹತ್ರ ಹುಣ್ಣೂ ಇದೆ, ಅದೇ ಭಯ. ಅಗಿಯೋಕಾಗ್ತಿಲ್ಲ ಅಂತ ಯಾವಾಗ ಗೊತ್ತಾಯ್ತು?"

"ಮುದ್ದೆನ ಯಾರ್ ಅಗೀತಾರೆ ಮೇಡಮ್ಮೋರೆ?"

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. "ಹೌದಲ್ವಾ. ದಿನಾ ರೊಟ್ಟಿ ತಿನ್ನೋರಾಗಿದ್ರೆ ವರ್ಷದ ಹಿಂದೆನೇ ಬರ್ತಿದ್ರೇನೋ" ಎಂದರು.

ಅವರು ಚುಚ್ಚಬೇಕೆಂದು ಹೇಳಿದ ಮಾತಲ್ಲ. ಆದರೂ ಸರ್ವಮಂಗಳ ಗುಬ್ಬಿ ತಲುಪುವ ತನಕ ಬಸ್ಸಿನಲ್ಲಿ ತಲೆ ಎತ್ತಲಿಲ್ಲ. ಕೈ ಹದವಾದಷ್ಟೂ ರೋಗಕ್ಕೆ ಮರೆ ಸಿಕ್ಕಿತ್ತು. ಊರೆಲ್ಲ ಹೊಗಳಿದ ಕೈ ಅದು.

ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಯಿತು. ಎಡಗಡೆಯ ಕೆಳದವಡೆಯನ್ನು ಮೂಳೆಸಮೇತ ತೆಗೆದರು. ಆಹಾರಕ್ಕೆಂದು ಮೂಗಿಗೆ ಹಾಕಿದ್ದ ನಳಿಕೆ ತೆಗೆದ ಮೇಲೆ ತೆಳ್ಳನೆಯ ಗಂಜಿ ಕುಡಿಯಬಹುದು, ಅಗಿಯುವುದು ಮಾತ್ರ ಇನ್ನಿಲ್ಲ ಎಂದರು. ಮಹಾದೇವಯ್ಯ ಆಮೇಲೆ ಬದುಕಿದ್ದು ಏಳು ತಿಂಗಳು.

ಆ ಏಳು ತಿಂಗಳಲ್ಲಿ ಸರ್ವಮಂಗಳ ತಾನು ರೊಟ್ಟಿ ಅಗಿಯುವ ಸದ್ದು ಅವನಿಗೆ ಕೇಳಬಾರದೆಂದು ಹಿತ್ತಲಲ್ಲಿ ನೀರಿನ ತೊಟ್ಟಿಯ ಪಕ್ಕ ಕೂತು ತಿನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವನು ಗೋಡೆ ಹಿಡಿದುಕೊಂಡು ಅಲ್ಲಿಗೇ ಬಂದ. ಅವನ ಮಾತಿನಲ್ಲಿ ಅರ್ಧದಷ್ಟು ಅಕ್ಷರಗಳು ಉದುರಿಹೋಗುತ್ತಿದ್ದವು. ಅವಳಿಗೆ ಅದು ರೂಢಿಯಾಗಿತ್ತು.

"ಕಳ್ಳಿ ಥರ ಇಲ್ಲಿ ಕೂತ್ಕಂಡು ತಿಂತೀಯಲ್ಲೇ. ನನ್ ಮುಂದೆ ತಿನ್ನು."

"ಬ್ಯಾಡ ಕಣ್ರೀ. ಗಂಟ್ಲಲ್ಲಿ ಇಳಿಯಲ್ಲ." ಅವಳಿಗೆ ಅಳು ಒತ್ತರಿಸಿ ಬಂತು. "ನಾನೇ ಮೆತ್ತಗೆ ಮಾಡಿ ಮಾಡಿ ನಿಮ್ಮನ್ನ ಹಾಳ್ ಮಾಡ್ದೆ."

ಅವನು ತೊಟ್ಟಿಯ ಕಟ್ಟೆಯ ಮೇಲೆ ಕೂತ.

"ಕೇಳ್ದೋನು ನಾನು, ಮಾಡ್ಕೊಟ್ಟೋಳು ನೀನು. ನಂಗೆ ಗೊತ್ತಿತ್ತು ಮಂಗಳಾ. ಆಸ್ಪತ್ರೆಗೆ ಹೆದರ್ಕಂಡು ಬಾಯ್ಬಿಡ್ಲಿಲ್ಲ. ಮುದ್ದೆ ನುಂಗ್ತಿದ್ರೆ ನಿಂಗ್ ಗೊತ್ತಾಗಲ್ಲ ಅಂದ್ಕಂಡೆ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಅವನು ತಟ್ಟೆಯಿಂದ ರೊಟ್ಟಿಯ ಚೂರೊಂದನ್ನು ಮುರಿದು ಅವಳ ಬಾಯಿಗಿಟ್ಟ. ತನ್ನ ಅಂಗೈಯನ್ನು ಅವಳ ಕೆನ್ನೆಯ ಮೇಲೆ ಇಟ್ಟು, "ಅಗಿ" ಎಂದ.

ಅವಳು ಅಗಿದಳು. ಅಂಗೈಯ ಕೆಳಗೆ ಕೆನ್ನೆಯ ಮಾಂಸ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಅವನು ಕಣ್ಣು ಮುಚ್ಚಿದ್ದ. ತುತ್ತು ಆಗಲೇ ನೀರಾಗಿತ್ತು. ಅವನ ಕೈ ಇನ್ನೂ ಅಲ್ಲೇ ಇದ್ದುದರಿಂದ ಅವಳು ಬರಿಬಾಯಿಯನ್ನೇ ಅಗಿಯುತ್ತಾ ಕೂತಳು.