ದಿನಕ್ಕೆ ಐದು ಜನ

ಶಿವಗಂಗಮ್ಮ ಎದುರಿಗೆ ಕೂತವರ ಮುಂದೆ ಪೆನ್ನು ಹಿಡಿಯುತ್ತಿರಲಿಲ್ಲ. ಮಾರೇನಹಳ್ಳಿಯ ತಮ್ಮ ಮನೆಯ ಮಹಡಿಯಲ್ಲಿ ಆಪ್ತಸಮಾಲೋಚನೆ ಶುರುಮಾಡಿದ ಮೊದಲ ವಾರವೇ ಒಬ್ಬಾಕೆ ನೋಟ್‌ಬುಕ್ ಕಂಡು, "ಬರ್ಕೋತೀರಾ? ಹಂಗಾದ್ರೆ ನಾನೇನೂ ಹೇಳಲ್ಲ" ಎಂದು ಎದ್ದು ಹೋಗಿದ್ದಳು. ಅಂದಿನಿಂದ ಇಪ್ಪತ್ತೆರಡು ವರ್ಷ ಎಲ್ಲರ ಸಂಕಟವನ್ನೂ ಅವರು ತಲೆಯಲ್ಲೇ ಇಟ್ಟುಕೊಂಡು ಬಂದರು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ತಲೆಗೂ ಒಂದು ಅಳತೆಯಿದೆ ಎಂದು ಗೊತ್ತಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಗುರುವಾರ ಸಂಜೆ. ಬೆಳಿಗ್ಗೆಯಿಂದ ಏಳು ಜನ ಬಂದು ಹೋಗಿದ್ದರು. ಊಟದ ಹೊತ್ತಿಗೆ ಐದು ನಿಮಿಷವೆಂದು ಬಂದವರು ಮುಕ್ಕಾಲು ಗಂಟೆ ಕೂತಿದ್ದರಿಂದ ತಟ್ಟೆಯ ಅನ್ನ ಅಲ್ಲೇ ಒಣಗಿತ್ತು. ಎಂಟನೆಯವಳು ಚೈತ್ರ, ನಿದ್ದೆ ಬರುವುದಿಲ್ಲವೆಂದು ಬರುತ್ತಿದ್ದ ಬ್ಯಾಂಕ್ ಉದ್ಯೋಗಿ.

"ಗ್ಯಾಸ್ ಆಫ್ ಆಗಿದ್ಯಾ ಅಂತ ನೋಡೋದು ಕಮ್ಮಿ ಆಯ್ತಾ? ಈ ವಾರ ಎಷ್ಟು ಸಲ ಬಸ್ ಇಳಿದು ವಾಪಸ್ ಬಂದ್ರಿ?" ಎಂದು ಕೇಳಿದರು ಶಿವಗಂಗಮ್ಮ.

ಚೈತ್ರ ನಕ್ಕಳು. "ನಮ್ಮನೇಲಿರೋದು ಕರೆಂಟ್ ಒಲೆ ಮೇಡಂ." ಮರುಕ್ಷಣವೇ ಕಣ್ಣರಳಿಸಿದಳು. "ಅಯ್ಯೋ! ನಮ್ಮ ಕ್ರಾಸಿನ ವರಲಕ್ಷ್ಮಿ ಆಂಟಿ ಬಸ್ ಹತ್ತಿ ಹತ್ತಿ ಇಳಿಯೋದು ಇದಕ್ಕಾ?"

"ಯಾರದು ಅಂತ ನಾನು ಹೇಳೋ ಹಂಗಿಲ್ಲ. ತಪ್ಪು ನಂದು. ಈ ಮಾತು ಇಲ್ಲಿಗೇ ಮುಗೀಬೇಕು."

"ದೇವರಾಣೆ ಯಾರಿಗೂ ಹೇಳಲ್ಲ ಮೇಡಂ."

ಆಣೆ ಪ್ರಮಾಣಗಳಲ್ಲಿ ಶಿವಗಂಗಮ್ಮನವರಿಗೆ ನಂಬಿಕೆಯಿರಲಿಲ್ಲ. ಆ ಪ್ರಶ್ನೆ ವರಲಕ್ಷ್ಮಿಗೆ ಕೇಳಬೇಕಾಗಿದ್ದದ್ದೇ. ಆಕೆಗೆ ಹೇಳದಿದ್ದರೆ ವಿಷಯ ಅಲ್ಲಿಗೇ ಮುಚ್ಚಿಹೋಗಲೂಬಹುದು. ಹೇಳಿದರೆ, ಈಗಷ್ಟೇ ಗುಣಮುಖಳಾಗುತ್ತಿದ್ದ ಆಕೆ ಅರ್ಧಕ್ಕೇ ಬಿಟ್ಟು, ಬಾಗಿಲು ಹಾಕಿ ಕೂರಬಹುದು. ಆದರೆ ಬೀದಿಯವರ ಬಾಯಲ್ಲಿ ಕೇಳಿದರೆ ಆಕೆ ಮತ್ತೆ ಯಾರನ್ನೂ ನಂಬಲಾರಳು. ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಆಕೆಯನ್ನು ಕರೆಸಿ, ಚೈತ್ರಳ ಹೆಸರೊಂದನ್ನು ಬಿಟ್ಟು ನಡೆದದ್ದನ್ನು ಸುತ್ತಿಬಳಸದೆ ಹೇಳಿದರು.

ವರಲಕ್ಷ್ಮಿಯ ಮುಖ ಕಪ್ಪಿಟ್ಟಿತು. "ನನ್ನ ಗಂಡಂಗೂ ಹೇಳಿಲ್ಲ ಕಣ್ರೀ ಇದನ್ನ. ಅದ್ಯಾರೋ ಅವರ ಮನೇಲಿ ಬಾಯಿ ಬಿಟ್ರೆ ವಿಜಯನಗರಕ್ಕೆಲ್ಲ ತಮಟೆ ಹೊಡೆಸಿದಂಗೆ!"

"ಆಗಬಹುದು."

"ಯಾಕ್ ಹಿಂಗ್ ಮಾಡಿದ್ರಿ?"

ಹಸಿವು, ವಯಸ್ಸು ಎಂದು ಹೇಳಬಹುದಿತ್ತು. ರಾತ್ರಿಯೆಲ್ಲ ಯೋಚಿಸಿದಾಗ ಅವರಿಗೆ ಸಿಕ್ಕಿದ ಉತ್ತರ ಬೇರೆ. ದಣಿವನ್ನು ಅವರು ಸೇವೆಯೆಂದು ತಿಳಿದಿದ್ದರು. ಅದು ನಾನಿಲ್ಲದೆ ಯಾರಿಗೂ ನಡೆಯದು ಎಂಬ ಅಹಂಕಾರವಾಗಿತ್ತು.

"ಕೇಳ್ದೋರಿಗೆಲ್ಲ ಹೂಂ ಅಂದೆ. ಕೈಲಾಗೋದಕ್ಕಿಂತ ಜಾಸ್ತಿ ಜನಾನ ಕೂರಿಸ್ಕೊಂಡೆ."

"ಮಹಿಳಾ ಸಂಘದಲ್ಲಿ ಮೈಕ್ ಹಿಡ್ಕೊಂಡು ನಮಗೆಲ್ಲ ಬುದ್ಧಿ ಹೇಳಿದ್ರಲ್ಲ, ನಿಮ್ಮನ್ನ ನೀವು ನೋಡ್ಕೊಳ್ಳಿ ಅಂತ!"

"ಹೇಳಿದ್ದೆ. ನಾನು ಮಾಡ್ಲಿಲ್ಲ. ಇನ್ಮೇಲೆ ದಿನಕ್ಕೆ ಐದೇ ಜನ. ಪ್ರತಿಯೊಬ್ರ ವಿಷಯಾನೂ ಹೆಸರಿಲ್ಲದೆ ಬರೆದು ಬೀಗ ಹಾಕಿಡ್ತೀನಿ. ಬುಧವಾರ ಬಸವೇಶ್ವರನಗರದಲ್ಲಿ ಇದೇ ಕೆಲಸ ಮಾಡೋ ಹಿರಿಯರೊಬ್ಬರ ಮುಂದೆ ನಾನೇ ಹೋಗಿ ಕೂತ್ಕೋತೀನಿ. ನಿಮಗೆ ನಾನು ಬೇಡ ಅಂದ್ರೆ ಕೆಂಗೇರೀಲಿ ಸೀತಾ ಅಂತ ಇನ್ನೊಬ್ರು ಸಮಾಲೋಚಕರು ಇದಾರೆ, ಒಳ್ಳೆಯವರು. ಅರ್ಧಕ್ಕೆ ಮಾತ್ರ ಬಿಡಬೇಡಿ."

"ಇವತ್ತು ಎಷ್ಟು ಜನ?"

"ಎಂಟು."

"ಹಂಗಾದ್ರೆ ಮೂರು ಜನಕ್ಕೆ ಈಗ್ಲೇ ಫೋನ್ ಮಾಡಿ, ನನ್ನ ಮುಂದೇನೇ. ನೋಡೋಣ."

ಶಿವಗಂಗಮ್ಮ ಕನ್ನಡಕ ಹಾಕಿಕೊಂಡು, ಒಂದು ವಾರ ಕಾಯಬಲ್ಲವರು ಯಾರು ಎಂದು ಯೋಚಿಸಿ, ಫೋನು ಎತ್ತಿಕೊಂಡರು. ಹೆಸರು ಹಿಡಿಯದೆ ಮಾತಾಡಿದರು. "ನಮಸ್ಕಾರ, ಇವತ್ತು ಬೇಡ, ಬರೋ ಶುಕ್ರವಾರ ಬನ್ನಿ... ಇಲ್ಲ, ಐದು ನಿಮಿಷಾನೂ ಆಗಲ್ಲ... ಹುಷಾರಾಗೇ ಇದೀನಿ. ಹಂಗೇ ಇರಬೇಕು ಅಂತ."

ಎರಡನೆಯವರು ಬೇಸರಪಟ್ಟುಕೊಂಡರು. ಮೂರನೆಯವರು ಮಾತು ಮುಗಿಯುವ ಮೊದಲೇ ಫೋನಿಟ್ಟರು. ಶಿವಗಂಗಮ್ಮ ಯಾರಿಗೂ ಮರಳಿ ಫೋನ್ ಮಾಡಿ ಸಮಾಧಾನ ಹೇಳಲಿಲ್ಲ.

ವರಲಕ್ಷ್ಮಿ ಎದ್ದು ನಿಂತಳು. "ಸೀತಾ ಅವರ ನಂಬರ್ ಕೊಡಿ. ಅಲ್ಲಿಗ್ ಹೋಗ್ತೀನೋ ಇಲ್ಲಿಗ್ ಬರ್ತೀನೋ, ಯೋಚನೆ ಮಾಡಿ ಹೇಳ್ತೀನಿ. ನನಗಿನ್ನೂ ಕೋಪ ಹೋಗಿಲ್ಲ."

"ಕೋಪ ಹೋಗ್ಲೇಬೇಕು ಅಂತೇನಿಲ್ಲ" ಎಂದ ಶಿವಗಂಗಮ್ಮ ನಂಬರು ಬರೆದುಕೊಟ್ಟರು.