ಮೂರು ಸಲ ಎರಡು ನಿಮಿಷ

ನಮ್ಮ ಮನೆಯವರು ರಾಜರತ್ನ, ಜಾಜ್ ಬಾರಿಸುತ್ತಾರೆ. ಮದುವೆ ಆರ್ಕೆಸ್ಟ್ರಾದ ಡ್ರಮ್ ಸೆಟ್ಟಿಗೆ ತೆಲಂಗಾಣ ಗಡಿಯ ನಮ್ಮ ಕನ್ನಡ ಊರುಗಳ ಕಡೆ ಜಾಜ್ ಅಂತಲೇ ಹೆಸರು. ಕಂಗ್ಟಿಯಿಂದ ತಾಂಡೂರಿನವರೆಗೆ ಯಾವ ಸ್ಟೇಜ್ ಹತ್ತಿದರೂ ಹದಿನೆಂಟು ವರ್ಷ ಅವರ ಜಾಗ ಹಾಡುವವರ ಬೆನ್ನ ಹಿಂದೆ. ಫೋಟೊದಲ್ಲಿ ಕೈ ಕಂಡರೆ ಮುಖ ಕಾಣುವುದಿಲ್ಲ. ಮೈಕ್ ಹಿಡಿದವರೆಲ್ಲ ಹಿಂದೆ ತಿರುಗಿ, "ಸ್ವಲ್ಪ ಸಣ್ಣಗ ಬಾರ್ಸಪಾ" ಅನ್ನುವವರೇ. ಕೇಳಿ ಕೇಳಿ ನನಗೇ ತಲೆ ಕೆಟ್ಟಿತ್ತು.

ತೆಲಂಗಾಣ ಚಳವಳಿ ಜೋರಾಗಿದ್ದ ವರ್ಷ ಅವರ ತಂಡದ ಮೊದಲ ಸಿ.ಡಿ. ಬಂತು. ಅದರಲ್ಲಿ ಏಳು ಹಾಡು. ಎಂಟನೆಯದು ಹಾಡಲ್ಲ, ನಾಲ್ಕು ನಿಮಿಷ ಬರೀ ಜಾಜ್ ಮತ್ತು ಡೋಲಕ್. ಡೋಲಕ್ ಬಾರಿಸಿದ್ದ ನ್ಯಾಲ್ಕಲ್‌ನ ಜೈಪಾಲ, ಸಿ.ಡಿ. ಕೈಗೆ ಬರುವ ಮೊದಲೇ ಚಳವಳಿಯಲ್ಲಿ ಜೀವ ಕಳೆದುಕೊಂಡ. ಬಿಡುಗಡೆಯ ದಿನ ಆ ನಾಲ್ಕು ನಿಮಿಷವನ್ನು ಅವನ ತಾಯಿ ಸಾಯಮ್ಮನ ಎದುರು ಬಾರಿಸಬೇಕು, ಬೇರೇನೂ ಬೇಡ ಅಂತ ಇವರು ಹಟ ಹಿಡಿದರು.

ಜಹೀರಾಬಾದಿನ ಫಂಕ್ಷನ್ ಹಾಲ್ ನಮಗೆ ಸಿಕ್ಕಿದ್ದು ಹನ್ನೊಂದರಿಂದ ಒಂದರವರೆಗೆ. ಆಮೇಲೆ ಅಲ್ಲಿ ಯಾರದೋ ಮದುವೆಯ ವಲೀಮಾ ಊಟ. ಹೋಗಿ ನೋಡಿದರೆ, ತೆಲುಗು ಬ್ಯಾನರ್ ಬರೆದ ಪುಣ್ಯಾತ್ಮ ಜಾಜ್‌ಗೆ ಒಂದು ಗುಡಿಸು ಹಚ್ಚಿ 'ಜಾಜಿ ರಾಜರತ್ನ' ಮಾಡಿದ್ದ! ಮೊದಲ ಅತಿಥಿ ಅದನ್ನೇ ಓದಿ ಜಾಜಿ ಹೂವಿನ ಪರಿಮಳದ ಮೇಲೆ ಅರ್ಧ ತಾಸು ಕೊರೆದರು.

ಅದಕ್ಕೂ ಮೊದಲು ಅವರು ಚಳವಳಿಯ ಅಮರರಿಗಾಗಿ ಎರಡು ನಿಮಿಷ ಮೌನ ಅಂದಿದ್ದರು. ಎಲ್ಲರೂ ಎದ್ದೆವು, ಮನಸ್ಸಿನಿಂದಲೇ ನಿಂತೆವು. ಸಾಯಮ್ಮ ಮುಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು.

ಹನ್ನೆರಡಕ್ಕೆ ನಾರಾಯಣಖೇಡದ ಅತಿಥಿ ಬಂದರು. "ನಾ ಬರೋದ್ರೊಳಗ ಮೌನ ಮುಗಿಸೀರೇನು? ನಾ ಹ್ಯಾಂಗ ಶ್ರದ್ಧಾಂಜಲಿ ಕೊಡ್ಲಿ?" ಅಂತ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಆಮೇಲೆ ಅವರದೂ ಭಾಷಣ. ಜಾಜ್ ಸ್ಟೇಜಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ನಾನು ಗಡಿಯಾರ ನೋಡಿ ನೋಡಿ ಕುದಿಯುತ್ತಿದ್ದೆ.

ಒಂದಕ್ಕೆ ಹತ್ತು ನಿಮಿಷ ಇರುವಾಗ ವಾಚ್‌ಮನ್ ಪೀರಪ್ಪ ಬೀಗ ಹಿಡಿದು ಬಂದ. "ಮುಗಿಸ್ರಿ ಯವ್ವಾ, ಬಿರ್ಯಾನಿ ಡೇಗ್ಚಿ ಬಾಗಿಲದಾಗ ಬಂದಾವ." ಅದೇ ಹೊತ್ತಿಗೆ ರಾಸ್ತಾ ರೋಕೋದಲ್ಲಿ ಸಿಕ್ಕಿಬಿದ್ದಿದ್ದ ತಾಂಡೂರಿನ ಅತಿಥಿ ಒಳಗೆ ನುಗ್ಗಿ, ಸೀದಾ ಮೈಕ್ ಹಿಡಿದರು. "ಎಲ್ರೂ ಎದ್ದು ನಿಲ್ರಿ. ಎರಡು ನಿಮಿಷ..."

ಅಯ್ಯೋ ದೇವರೇ! ನಾನು ಸ್ಟೇಜಿನ ಪಕ್ಕಕ್ಕೆ ಹೋಗಿ ಗಂಡನ ತೋಳು ಹಿಡಿದು ಜಗ್ಗಿದೆ. "ಏನ್ರೀ, ಸಾಕಾತು. ಹೋಗಿ ಬಾರ್ಸಿಬಿಡ್ರಿ."

"ಹ್ಯಾಂಗ ಬಾರ್ಸಲಿ, ಯಾಮಿನಿ? ಜೈಪಾಲನ ಸಲುವಾಗೇ ನಿಂತಾರಲ್ಲ" ಅಂದರು. ಕಣ್ಣು ತುಂಬಿದ್ದವು. ನಾನು ಹಿಡಿದಿದ್ದ ತೋಳು ಬಿಟ್ಟೆ.

ಆ ಮೌನದ ನಡುವೆ ಸಾಯಮ್ಮ ಮಾತಾಡಿದಳು.

"ಇನ್ನ ಎಷ್ಟ ಸಲ ಸುಮ್ಕ ನಿಲ್ಲಿಸ್ತೀರಿ? ಆರು ತಿಂಗಳಾತು, ನಮ್ಮನ್ಯಾಗ ಸಪ್ಪಳನೇ ಇಲ್ಲ. ನನ್ನ ಮಗ ಒಂದಿನಾನೂ ಸುಮ್ಕ ಕುಂತವನಲ್ಲ." ಸ್ಟೇಜಿನ ಕಡೆ ತಿರುಗಿದಳು. "ಬಾರ್ಸ, ತಮ್ಮಾ. ಜೋರಾಗಿ ಬಾರ್ಸ."

ಹದಿನೆಂಟು ವರ್ಷದಲ್ಲಿ ಅವರಿಗೆ ಜೋರಾಗಿ ಬಾರಿಸು ಅಂದವಳು ಅವಳೊಬ್ಬಳೇ. ಇವರು ಬಟ್ಟೆ ಕಿತ್ತೆಸೆದು ಕೂತರು. ಮೊದಲ ಏಟಿಗೆ ಪೀರಪ್ಪನ ಕೈಯಿಂದ ಬೀಗ ಬಿತ್ತು. ಅತಿಥಿ ಮೈಕ್ ಕೆಳಗಿಟ್ಟರು. ಒಂದು ನಿಮಿಷ ಬಾರಿಸಿದ ಮೇಲೆ ಜೈಪಾಲನ ಡೋಲಕ್ ಸರದಿ ಬಂತು. ಇವರು ಎತ್ತಿದ ಕೈಯನ್ನು ಹಾಗೆಯೇ ತಡೆದು ಹಿಡಿದರು.

ಆ ಖಾಲಿಯಲ್ಲಿ ಸಣ್ಣ ಸಪ್ಪಳ ಕೇಳಿತು. ಸಾಯಮ್ಮ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಅಂಗೈ ಬಡಿಯುತ್ತಿದ್ದಳು. ಮನೆಯಲ್ಲಿ ದಿನಾ ಕೇಳಿದ್ದ ಮಗನ ಪೆಟ್ಟು, ಒಂದೂ ತಪ್ಪಲಿಲ್ಲ. ಅವಳ ಸರದಿ ಮುಗಿಯುವವರೆಗೆ ಇವರು ಕಾದರು, ಆಮೇಲೆ ಕೂಡಿಕೊಂಡರು.

ಒಂದು ಗಂಟೆ ಯಾವಾಗ ಆಯಿತೋ, ನಾನು ಗಡಿಯಾರ ನೋಡಲಿಲ್ಲ.